ವಾಟ್ಸನ್‌ಗೆ ಮಾನ ಮರಳಿಸಿದ ಧಾರಾವಾಹಿ

ಪತ್ತೇದಾರಿ ಕಥೆಗೆ ಒಂದು ಶಾಪವಿದೆ. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಅದನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳುವವರು ಕಡಿಮೆ. ಆದರೆ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ತಯಾರಿಸಿ, 1984ರಿಂದ 1994ರವರೆಗೆ ಪ್ರಸಾರವಾದ ಷರ್ಲಾಕ್ ಹೋಮ್ಸ್ ಧಾರಾವಾಹಿಗೆ ಈ ಶಾಪ ತಟ್ಟಲಿಲ್ಲ. ಅದರ 41 ಕಂತುಗಳನ್ನು ಮಾತು ಮಾತೂ ಬಾಯಿಪಾಠವಾಗುವಷ್ಟು ಸಲ ನೋಡಿದವರಿದ್ದಾರೆ. 'ದಿ ಸ್ಪೆಕಲ್ಡ್ ಬ್ಯಾಂಡ್'ನಲ್ಲಿ ಗಾಳಿಕಿಂಡಿಯಿಂದ ಇಳಿದು ಬರುವುದು ಹಾವೆಂದು ಚೆನ್ನಾಗಿ ಗೊತ್ತಿದ್ದೂ ಮತ್ತೆ ಕಣ್ಣರಳಿಸಿ ಕೂರುತ್ತಾರೆ. ಗುಟ್ಟು ರಟ್ಟಾದ ಮೇಲೂ ಅವರು ನೋಡುವುದು ಏನನ್ನು?

ಹೋಮ್ಸ್ ಪಾತ್ರ ಮಾಡಿದ ಜೆರೆಮಿ ಬ್ರೆಟ್ ಅವರನ್ನು ಎಂಬುದು ಸುಲಭದ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಈ ಧಾರಾವಾಹಿ ಹೇಗೆ ರೂಪುಗೊಂಡಿತು ಎಂದು ಹಿಂದೆ ಹಿಂದೆ ಹೋದರೆ ಪ್ರತಿ ತಿರುವಿನಲ್ಲೂ ಎದುರಾಗುವವನು ಇನ್ನೊಬ್ಬ: ಡಾಕ್ಟರ್ ವಾಟ್ಸನ್.

ಆರ್ಥರ್ ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳು ಒಟ್ಟು 60: ನಾಲ್ಕು ಕಾದಂಬರಿ, 56 ಸಣ್ಣಕಥೆ. ಅವುಗಳಲ್ಲಿ ನಾಲ್ಕನ್ನು ಬಿಟ್ಟು ಉಳಿದೆಲ್ಲವನ್ನೂ ನಮಗೆ ಹೇಳುವವನು ವಾಟ್ಸನ್. 1887ರಲ್ಲಿ ಬಂದ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಶುರುವಾಗುವುದೇ ಅವನ ಪಾಡಿನಿಂದ. ಲಂಡನ್ನಿನಲ್ಲಿ ವೈದ್ಯ ಪದವಿ ಪಡೆದು, ಸೈನ್ಯ ಸೇರಿ, ಬೊಂಬಾಯಿಯಲ್ಲಿ ಹಡಗಿಳಿದು, ಆಫ್ಘನ್ ಯುದ್ಧಕ್ಕೆ ಹೋಗಿ, ಮೈವಾಂದ್ ಕದನದಲ್ಲಿ ಭುಜಕ್ಕೆ ಗುಂಡು ತಿಂದವನು. ಪೆಶಾವರದ ಆಸ್ಪತ್ರೆಯಲ್ಲಿ ಗಾಯ ಮಾಯುವ ಹೊತ್ತಿಗೆ ವಿಷಮಶೀತ ಜ್ವರ ಹತ್ತಿ, ಸೊರಗಿ ಸುಣ್ಣವಾಗಿ ಊರಿಗೆ ಮರಳಿದವನು. ಬಾಡಿಗೆ ಹಂಚಿಕೊಳ್ಳಲು ಒಬ್ಬ ಜೊತೆಗಾರ ಬೇಕೆಂದು ಹುಡುಕುತ್ತಿದ್ದಾಗ ಅವನಿಗೆ ಹೋಮ್ಸ್ ಸಿಗುತ್ತಾನೆ. ಹೋಮ್ಸ್‌ನಷ್ಟು ಚುರುಕು ಬುದ್ಧಿ ಅವನಿಗಿಲ್ಲ. ಹಾಗೆಂದು ದಡ್ಡನೇನಲ್ಲ. ನಾವು ನೀವು ಆ ಜಾಗದಲ್ಲಿದ್ದರೆ ಎಷ್ಟು ಕಾಣುತ್ತಿದ್ದೆವೋ ಅಷ್ಟು ಅವನಿಗೂ ಕಾಣುತ್ತದೆ.

ಪುಸ್ತಕದಲ್ಲಿ ಕಥೆ ಹೇಳುವುದೇ ಅವನ ಕೆಲಸ. ತೆರೆಯ ಮೇಲೆ ಆ ಕೆಲಸವನ್ನು ಕ್ಯಾಮೆರಾ ಕಿತ್ತುಕೊಂಡಿತು. ಕೆಲಸ ಕಳೆದುಕೊಂಡ ವಾಟ್ಸನ್‌ನನ್ನು ಇಟ್ಟುಕೊಂಡು ಏನು ಮಾಡುವುದು? ಹಾಲಿವುಡ್ ಅವನನ್ನು ನಗಿಸಲು ಹಚ್ಚಿತು. 1939ರಿಂದ 1946ರವರೆಗೆ ಬೇಸಿಲ್ ರಾತ್‌ಬೋನ್ ಹೋಮ್ಸ್ ಆಗಿ ಬಂದ 14 ಚಿತ್ರಗಳಲ್ಲಿ ನೈಜೆಲ್ ಬ್ರೂಸ್ ಅವರ ವಾಟ್ಸನ್ ಗೊಣಗುತ್ತಾನೆ, ತಡವರಿಸುತ್ತಾನೆ, ಎದುರಿಗಿರುವುದನ್ನೂ ಕಾಣದೆ ಪೆಚ್ಚಾಗುತ್ತಾನೆ. ಜನ ಬ್ರೂಸ್ ಅವರನ್ನು ಮೆಚ್ಚಿಕೊಂಡೇ ನೋಡಿದರು. ಮುಂದೆ ವಾಟ್ಸನ್ ಎಂದರೆ ಹೀಗೇ ಎಂದಾಯಿತು. ಆದರೆ ಹೋಮ್ಸ್‌ನಂಥ ಅಸಹನೆಯ ಮನುಷ್ಯ ಇಂಥವನ ಜೊತೆ ವರ್ಷಗಟ್ಟಲೆ ಒಂದೇ ಸೂರಿನಡಿ ಏಕೆ ಬಾಳಿದ ಎಂಬುದಕ್ಕೆ ಆ ಚಿತ್ರಗಳಲ್ಲಿ ಉತ್ತರ ಸಿಗುವುದಿಲ್ಲ.

ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಬ್ರಿಟನ್ನಿನ ಅಂದಿನ ಕಾನೂನಿನಂತೆ ಲೇಖಕ ಸತ್ತ 50 ವರ್ಷಕ್ಕೆ, ಅಂದರೆ 1980ರ ಕೊನೆಗೆ, ಅಲ್ಲಿ ಈ ಕಥೆಗಳ ಹಕ್ಕುಸ್ವಾಮ್ಯ ಮುಗಿಯಿತು. ಮ್ಯಾಂಚೆಸ್ಟರಿನ ಗ್ರಾನಡಾ ಕಂಪನಿಯ ನಿರ್ಮಾಪಕ ಮೈಕಲ್ ಕಾಕ್ಸ್ ಆಗ ಹಾಕಿಕೊಂಡ ಯೋಜನೆ ಸರಳವಾಗಿತ್ತು: ಸಿನಿಮಾಗಳನ್ನು ಮರೆತು ಮೂಲ ಕಥೆಗಳಿಗೆ ಮರಳುವುದು. ಅವರ ತಂಡ ಕಥೆಗಳನ್ನೆಲ್ಲ ಜಾಲಾಡಿ 'ದಿ ಬೇಕರ್ ಸ್ಟ್ರೀಟ್ ಫೈಲ್' ಎಂಬ 77 ಪುಟಗಳ ಕೈಪಿಡಿ ಸಿದ್ಧಪಡಿಸಿತು. ಹೋಮ್ಸ್ ಏನು ತಿನ್ನುತ್ತಾನೆ, ಹೇಗೆ ಕೂರುತ್ತಾನೆ, ವಾಟ್ಸನ್ ಏನು ತೊಡುತ್ತಾನೆ, ಎಲ್ಲವೂ ಅದರಲ್ಲಿತ್ತು. 'ಸ್ಟ್ರ್ಯಾಂಡ್' ಪತ್ರಿಕೆಗೆ ಸಿಡ್ನಿ ಪ್ಯಾಜೆಟ್ ಬರೆದಿದ್ದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಎಷ್ಟೋ ದೃಶ್ಯಗಳನ್ನು ಪಡಿಯಚ್ಚಿನಂತೆ ಜೋಡಿಸಿದರು. ಹೋಮ್ಸ್‌ನ ಗುರುತೇ ಆಗಿದ್ದ ಕಿವಿಮುಚ್ಚುವ ಬೇಟೆ ಟೋಪಿ ಹಳ್ಳಿಗಾಡಿಗೆ ಮಾತ್ರ ಸೀಮಿತವಾಯಿತು. ಲಂಡನ್ನಿನಲ್ಲಿ ಹೋಮ್ಸ್ ಆ ಕಾಲದ ಯಾವುದೇ ಸಭ್ಯಸ್ಥನಂತೆ ಎತ್ತರದ ಕರಿಟೋಪಿ ಹಾಕಿದ. ಸ್ಟುಡಿಯೋ ಅಂಗಳದಲ್ಲಿ ಇಬ್ಬರೂ ವಾಸಿಸುವ ಬೇಕರ್ ಸ್ಟ್ರೀಟ್ ಇಡಿಯಾಗಿ ಎದ್ದು ನಿಂತಿತು.

ಹೋಮ್ಸ್ ಪಾತ್ರಕ್ಕೆ ಆಯ್ಕೆಯಾದ ಬ್ರೆಟ್ ಅದಕ್ಕೆ ಮೊದಲು ಇನ್ನೊಂದು ಪಾತ್ರ ಮಾಡಿದ್ದರು. 1980ರಲ್ಲಿ ಲಾಸ್ ಏಂಜಲೀಸ್‌ನ ರಂಗಮಂಚದಲ್ಲಿ ಚಾರ್ಲ್‌ಟನ್ ಹೆಸ್ಟನ್ ಹೋಮ್ಸ್ ಆಗಿದ್ದಾಗ ಬ್ರೆಟ್ ವಾಟ್ಸನ್ ಆಗಿದ್ದರು. ಆ ಜೋಡಿಯಲ್ಲಿ ಪಕ್ಕದವನ ಜಾಗ ಎಂಥದ್ದೆಂದು ಅವರಿಗೆ ಗೊತ್ತಿತ್ತು.

1984ರ ಏಪ್ರಿಲ್ 24ರಂದು 'ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ' ಪ್ರಸಾರವಾಯಿತು. ಮೂಲ ಕಥೆಯಲ್ಲಿ ವಾಟ್ಸನ್ ಆ ವೇಳೆಗೆ ಮದುವೆಯಾಗಿ ಬೇರೆ ಮನೆ ಮಾಡಿದ್ದಾನೆ. ಧಾರಾವಾಹಿಯಲ್ಲಿ ಅವನು ಊರಿಂದ ನೆಟ್ಟಗೆ ಬೇಕರ್ ಸ್ಟ್ರೀಟಿಗೇ ಬರುತ್ತಾನೆ. ಮುಂದೆ ಕೂಡ ಗ್ರಾನಡಾ ಅವನಿಗೆ ಮದುವೆ ಮಾಡಿಸಲೇ ಇಲ್ಲ. ಮೂಲಕ್ಕೆ ಇಷ್ಟು ನಿಷ್ಠೆಯಿಂದಿದ್ದವರು ಈ ಒಂದು ದೊಡ್ಡ ಸ್ವಾತಂತ್ರ್ಯ ತೆಗೆದುಕೊಂಡದ್ದು ಎರಡು ಜೀವಗಳನ್ನು ಒಂದೇ ಕೋಣೆಯಲ್ಲಿ ಉಳಿಸಿಕೊಳ್ಳಲು.

ಮೊದಲ 13 ಕಂತುಗಳ ವಾಟ್ಸನ್ ಡೇವಿಡ್ ಬರ್ಕ್. ಬ್ರೆಟ್ ಅವರ ಹೋಮ್ಸ್ ಒಂದು ಕ್ಷಣ ಕಲ್ಲಿನಂತೆ ಕೂತು ಮರುಕ್ಷಣ ಸೋಫಾ ಹಾರುವವನು, ತಟ್ಟನೆ ನಕ್ಕು ತಟ್ಟನೆ ಮುಖ ಗಂಟಿಕ್ಕುವವನು. ಅವನೊಬ್ಬನೇ ತೆರೆಯಲ್ಲಿದ್ದರೆ ಅದು ಬರೀ ಹುಚ್ಚಾಟವಾಗಿ ಕಾಣಬಹುದಿತ್ತು. ಎದುರಿಗೆ ಕೂತ ಬರ್ಕ್ ಆ ಆಟವನ್ನು ಅರ್ಧ ಬೆರಗು, ಅರ್ಧ ತುಂಟತನದಿಂದ ನೋಡುತ್ತಾರೆ. ಅವರು ನಂಬಿದ್ದರಿಂದ ನಾವೂ ನಂಬುತ್ತೇವೆ. ಹೆಣ ಪರೀಕ್ಷಿಸುವಾಗ ಅವರು ಡಾಕ್ಟರು, ಪಿಸ್ತೂಲು ಹಿಡಿದಾಗ ಸೈನಿಕ. ಕ್ಯಾಮೆರಾ ಕಿತ್ತುಕೊಂಡಿದ್ದ ಕೆಲಸ ವಾಟ್ಸನ್‌ಗೆ ಬೇರೆ ರೂಪದಲ್ಲಿ ವಾಪಸು ಸಿಕ್ಕಿತು. ಹೇಳುವವನಾಗಿದ್ದವನು ಕೇಳಿಸಿಕೊಳ್ಳುವವನಾದ, ನಮ್ಮ ಪರವಾಗಿ.

'ದಿ ಫೈನಲ್ ಪ್ರಾಬ್ಲಂ' ಕಂತನ್ನು ಕಥೆ ನಡೆಯುವ ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತದಲ್ಲೇ ಚಿತ್ರೀಕರಿಸಿದರು. ಹೋಮ್ಸ್ ಅಲ್ಲಿ ಬಿದ್ದು ಸತ್ತನೆಂದು ನಂಬಿದ ವಾಟ್ಸನ್ ಅವನ ಕೊನೆಯ ಪತ್ರ ಓದುವುದರೊಂದಿಗೆ ಬರ್ಕ್ ಅವರ ಪಾಳಿಯೂ ಮುಗಿಯಿತು. ಚಿಕ್ಕ ಮಗ, ಮಡದಿಯ ಜೊತೆಗಿರಲೆಂದು ಅವರು ರಾಯಲ್ ಷೇಕ್ಸ್‌ಪಿಯರ್ ಕಂಪನಿ ಸೇರಿದರು. ಹೋಗುವ ಮುಂಚೆ ತಮ್ಮ ಜಾಗಕ್ಕೆ ಎಡ್ವರ್ಡ್ ಹಾರ್ಡ್‌ವಿಕ್ ಅವರ ಹೆಸರು ಸೂಚಿಸಿದರು. ಹೀಗಾಗಿ 1986ರ 'ದಿ ಎಂಪ್ಟಿ ಹೌಸ್'ನಲ್ಲಿ ಮೂರು ವರ್ಷದ ಬಳಿಕ ಹೋಮ್ಸ್ ಜೀವಂತ ಎದುರಾದಾಗ ಮೂರ್ಛೆ ಹೋಗುವ ವಾಟ್ಸನ್ ಹೊಸ ಮುಖ. ಪ್ರೇಕ್ಷಕರು ಮುನಿಸಿಕೊಳ್ಳಲಿಲ್ಲ. ಹಾರ್ಡ್‌ವಿಕ್ ಹೆಚ್ಚು ಸೌಮ್ಯ, ಹೆಚ್ಚು ಮಾಗಿದವರು. ಅಗಲಿಕೆಯ ದುಃಖವೇ ವಾಟ್ಸನ್‌ನನ್ನು ಹೀಗೆ ಮಾಡಿತೇನೋ ಎನಿಸುವಂತಿದ್ದರು.

ಈ ಗೆಳೆತನದ ತುತ್ತತುದಿ 1988ರ 'ದಿ ಡೆವಿಲ್ಸ್ ಫುಟ್'. ವಿಷದ ಪುಡಿ ಸುಟ್ಟರೆ ಏನಾಗುತ್ತದೆಂದು ಹೋಮ್ಸ್ ತನ್ನ ಮೇಲೇ ಪ್ರಯೋಗ ಮಾಡಿಕೊಳ್ಳುತ್ತಾನೆ. ಭ್ರಮೆಯಲ್ಲಿ ಸಾಯುವ ಹಂತದಲ್ಲಿರುವ ಅವನನ್ನು ವಾಟ್ಸನ್ ಹೊರಗೆಳೆದು ತರುತ್ತಾನೆ. ಎಚ್ಚರವಾಗುತ್ತಲೇ ಹೋಮ್ಸ್ ಬಾಯಿಂದ ಹೊರಡುವ ಕೂಗು "ಜಾನ್!" ಡಾಯ್ಲ್ ಕಥೆಗಳಲ್ಲಿ ಹೋಮ್ಸ್ ಎಂದೂ ಗೆಳೆಯನನ್ನು ಹೀಗೆ ಮೊದಲ ಹೆಸರಿನಿಂದ ಕರೆದವನಲ್ಲ. ಅದೇ ಕಂತಿನಲ್ಲಿ ಹೋಮ್ಸ್ ತನ್ನ ಕೊಕೇನ್ ಸಿರಿಂಜನ್ನು ಸಮುದ್ರದಂಡೆಯ ಮರಳಿನಲ್ಲಿ ಹೂಳುತ್ತಾನೆ. ಇದೂ ಮೂಲದಲ್ಲಿಲ್ಲ, ಡಾಯ್ಲ್ ಮಗಳು ಡೇಮ್ ಜೀನ್ ಅವರ ಒಪ್ಪಿಗೆ ಪಡೆದು ಸೇರಿಸಿದ್ದು. ಪುಸ್ತಕವನ್ನು ಅರೆದು ಕುಡಿದವರು ಮಾತ್ರ ಪುಸ್ತಕವನ್ನು ಹೀಗೆ ಮೀರಬಲ್ಲರು.

ಆಮೇಲಿನ ವರ್ಷಗಳು ಕಷ್ಟದವು. ಬ್ರೆಟ್ ಪತ್ನಿ ಜೋನ್ ವಿಲ್ಸನ್ 1985ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಬ್ರೆಟ್ ಅವರಿಗೆ ಬೈಪೋಲಾರ್ ಕಾಯಿಲೆಯಿತ್ತು. ಹೃದಯವೂ ಸೋಲುತ್ತ ಬಂತು. ಔಷಧಿಗಳಿಂದ ಮೈ ಊದಿತು. 1990ರ ದಶಕದ ಕಂತುಗಳಲ್ಲಿ ಆ ಆಯಾಸ ತೆರೆಯ ಮೇಲೇ ಕಾಣುತ್ತದೆ. ಸಣ್ಣಕಥೆಗಳನ್ನು ಎಳೆದೆಳೆದು ಎರಡು ಗಂಟೆಯ ಚಿತ್ರ ಮಾಡಿದ 'ದಿ ಲಾಸ್ಟ್ ವ್ಯಾಂಪೈರ್', 'ದಿ ಎಲಿಜಿಬಲ್ ಬ್ಯಾಚುಲರ್' ಕಟ್ಟಾ ಅಭಿಮಾನಿಗಳಿಗೂ ರುಚಿಸಲಿಲ್ಲ. ಕೊನೆಯ ಸರಣಿಯ ಒಂದು ಕಂತಿಗೆ ಹಾರ್ಡ್‌ವಿಕ್ ಸಿಗದೆ ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್ ವಾಟ್ಸನ್ ಜಾಗ ತುಂಬಿದ. 'ದಿ ಮಝಾರಿನ್ ಸ್ಟೋನ್' ಹೊತ್ತಿಗೆ ಬ್ರೆಟ್ ಅವರೇ ಅಸ್ವಸ್ಥರಾಗಿ, ಪತ್ತೇದಾರಿಕೆಯೂ ಮೈಕ್ರಾಫ್ಟ್ ಹೆಗಲಿಗೆ ಬಿತ್ತು. ಆ ಕಂತಿನಲ್ಲಿ ಬೆಸೆದಿದ್ದ ಇನ್ನೊಂದು ಕಥೆ 'ದಿ ತ್ರೀ ಗ್ಯಾರಿಡೆಬ್ಸ್'. ಗೆಳೆಯನಿಗೆ ಗುಂಡು ತಗುಲಿದಾಗ ಹೋಮ್ಸ್ ಮೊದಲ ಬಾರಿ ತನ್ನ ಮನಸ್ಸು ಬಿಚ್ಚಿ ತೋರುವ ಕಥೆ ಅದು. ಬ್ರೆಟ್, ಹಾರ್ಡ್‌ವಿಕ್ ಇಬ್ಬರಿಂದ ಓದುಗರು ಆಸೆಪಟ್ಟಿದ್ದ ಆ ದೃಶ್ಯ ಬರಲೇ ಇಲ್ಲ. 1994ರ ಏಪ್ರಿಲ್‌ನಲ್ಲಿ ಧಾರಾವಾಹಿ ನಿಂತಿತು. ಮರುವರ್ಷ ಸೆಪ್ಟೆಂಬರ್ 12ರಂದು, 61ನೇ ವಯಸ್ಸಿನಲ್ಲಿ, ಬ್ರೆಟ್ ಹೋದರು. ಡಾಯ್ಲ್ ಬರೆದ ಎಲ್ಲ ಕಥೆಗಳನ್ನೂ ಮುಗಿಸುವ ಆಸೆ ಹಾಗೇ ಉಳಿಯಿತು.

ಆದರೂ ಧಾರಾವಾಹಿ ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು. ಪತ್ತೇದಾರನ ಪಕ್ಕದವನಿಗೂ ಬುದ್ಧಿ, ಮನಸ್ಸು, ಮಾನ ಇರಬೇಕೆಂದು ಪ್ರೇಕ್ಷಕರು ಬಯಸತೊಡಗಿದರು. 1993ರಲ್ಲಿ ನಮ್ಮ ದೂರದರ್ಶನದಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ನೋಡಿದವರಿಗೆ ಈ ಬಯಕೆ ಹೊಸದಲ್ಲ. ರಜಿತ್ ಕಪೂರ್ ಅವರ ಪತ್ತೇದಾರ ಬ್ಯೋಮಕೇಶ್ ಎಷ್ಟು ನೆನಪಿನಲ್ಲಿದ್ದಾನೋ ಅವನ ಗೆಳೆಯನಾಗಿ ಕೆ.ಕೆ. ರೈನಾ ಅವರ ಅಜಿತ್ ಕೂಡ ಅಷ್ಟೇ ನೆನಪಿನಲ್ಲಿದ್ದಾನೆ. 2010ರಲ್ಲಿ ಬಿಬಿಸಿ ಹೋಮ್ಸ್‌ನನ್ನು ಮೊಬೈಲ್ ಕಾಲಕ್ಕೆ ತಂದಾಗಲೂ ಕಥೆ ತೆರೆದುಕೊಂಡದ್ದು ಆಫ್ಘಾನಿಸ್ತಾನದಿಂದ ಮರಳಿದ ವಾಟ್ಸನ್‌ನ ಕೆಟ್ಟ ಕನಸಿನಿಂದ.

ಗ್ರಾನಡಾದ 1991ರ 'ಶಾಸ್ಕಂಬ್ ಓಲ್ಡ್ ಪ್ಲೇಸ್' ಕಂತಿನಲ್ಲಿ ಒಂದು ಚಿಕ್ಕ ಪಾತ್ರ ಮಾಡಿದ ಹದಿಹರೆಯದ ಹುಡುಗ ಜೂಡ್ ಲಾ. 2009ರಲ್ಲಿ ನಿರ್ದೇಶಕ ಗೈ ರಿಚಿ ಅವರ ಹೋಮ್ಸ್ ಚಿತ್ರಕ್ಕೆ ಅವರೇ ವಾಟ್ಸನ್ ಆದರು. ಗುದ್ದಾಡಬಲ್ಲ, ಎದುರು ಮಾತಾಡಬಲ್ಲ, ಹೋಮ್ಸ್‌ನನ್ನು ಬಿಟ್ಟು ಹೋಗುವೆನೆಂದು ಹೆದರಿಸಬಲ್ಲ ವಾಟ್ಸನ್. ಕಗ್ಗಂಟು ಒಮ್ಮೆ ಬಿಡಿಸಿದರೆ ಮುಗಿಯಿತು. ಗೆಳೆತನಕ್ಕೆ ಆ ಕಷ್ಟವಿಲ್ಲ, ಅದನ್ನು ಎಷ್ಟು ಸಲ ಬೇಕಾದರೂ ನೋಡಬಹುದು.