ಕುಣಿಗಲ್ ಕುದುರೆಯ ಕೊರಳಲ್ಲಿ ಕರೆಂಟು

ಕುಣಿಗಲ್ ಕುದುರೆ ಫಾರಂ ಎಂದರೆ ತುಮಕೂರು ಸೀಮೆಯವರಿಗೆ ಟಿಪ್ಪುವಿನ ಕಾಲದ ಮಾತು. ಅವನ ಅಶ್ವದಳಕ್ಕೆ ಇಲ್ಲಿ ಕುದುರೆ ಸಾಕುತ್ತಿದ್ದರಂತೆ. ಆಮೇಲಿನ ಕಾಲದಲ್ಲಿ ಇಲ್ಲಿಂದ ಹೊರಟದ್ದು ರೇಸಿನ ಥರೋಬ್ರೆಡ್‌ಗಳು. ಇಂಥ ಕುದುರೆಯ ಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ತಡವರಿಸಿಕೊಂಡು ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ನಮ್ಮ ಕೂಸು ನಡೆಯಬೇಕಾದರೆ ಹೆಚ್ಚೂಕಡಿಮೆ ವರ್ಷ ಹಿಡಿಯುತ್ತದೆ. ಈ ಅಂತರದ ಒಂದು ದೊಡ್ಡ ಕಾರಣ ಮೂಳೆಯಲ್ಲೂ ಇಲ್ಲ, ಮಾಂಸದಲ್ಲೂ ಇಲ್ಲ, ನರದ ಹೊದಿಕೆಯಲ್ಲಿದೆ.

ನರದಲ್ಲಿ ಕರೆಂಟು ಹರಿಯುತ್ತದೆ ಎನ್ನುತ್ತೇವೆ. ಆದರೆ ಅದು ಕಂಬದ ತಂತಿಯಲ್ಲಿ ಹರಿಯುವ ಬಗೆಯದಲ್ಲ. ಸುಮ್ಮನಿರುವ ನರತಂತುವಿನ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ. ತಂತುವಿನ ಪೊರೆಯಲ್ಲಿರುವ ಪಂಪುಗಳು ಪ್ರತಿ ಸಲ 3 ಸೋಡಿಯಂ ಅಯಾನುಗಳನ್ನು ಆಚೆ ದಬ್ಬಿ 2 ಪೊಟ್ಯಾಸಿಯಂ ಒಳಗೆ ತರುತ್ತವೆ. ಪ್ರಚೋದನೆ ಒಂದು ಮಟ್ಟ ದಾಟಿತೋ, ಸೋಡಿಯಂ ಬಾಗಿಲುಗಳು ಧಡಾರನೆ ತೆರೆದುಕೊಳ್ಳುತ್ತವೆ. ಒಳಭಾಗ ಕ್ಷಣಮಾತ್ರ ಧನವಾಗುತ್ತದೆ. ಆ ಬಾಗಿಲು ಮುಚ್ಚಿ ಪೊಟ್ಯಾಸಿಯಂ ಹೊರಗೆ ಹರಿದು, ಎಲ್ಲ ಮೊದಲಿನಂತಾಗಲು ಒಂದೆರಡು ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದಿರುತ್ತದೆ. ಸರಪಟಾಕಿಯ ಹಾಗೆ: ಕೊನೆಯದೂ ಮೊದಲಿನಷ್ಟೇ ಜೋರಾಗಿ ಸಿಡಿಯುತ್ತದೆ. ಸಿಡಿದ ಜಾಗ ತುಸು ಹೊತ್ತು ಮತ್ತೆ ಸಿಡಿಯಲಾರದು. ಹಾಗಾಗಿ ಸುದ್ದಿ ಹಿಂದಿರುಗದೆ ಮುಂದಕ್ಕೇ ಹೋಗುತ್ತದೆ.

ನರದ ವೇಗವನ್ನು ಅಳೆಯುವುದು ಆಗದ ಕೆಲಸ ಎಂದು ಜರ್ಮನಿಯ ಯೋಹಾನೆಸ್ ಮ್ಯುಲರ್ ನಂಬಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಕಪ್ಪೆಯ ನರದಲ್ಲಿ ಅಳೆದೇ ಬಿಟ್ಟರು: ಸೆಕೆಂಡಿಗೆ ಸುಮಾರು 30 ಮೀಟರ್. ಬಾಗಿಲುಗಳ ಲೆಕ್ಕಾಚಾರವನ್ನು 1952ರಲ್ಲಿ ಬಿಡಿಸಿಟ್ಟವರು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ; ಅದಕ್ಕೆ 1963ರಲ್ಲಿ ನೊಬೆಲ್ ಬಂತು. ಅವರು ಆರಿಸಿಕೊಂಡದ್ದು ಸ್ಕ್ವಿಡ್ ಎಂಬ ಕಡಲಜೀವಿಯನ್ನು. ಅದರ ದೈತ್ಯ ನರತಂತು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಕೆಲವೊಮ್ಮೆ ಇನ್ನೂ ಹೆಚ್ಚು. ವೇಗ ಬೇಕಾಗಿ ಸ್ಕ್ವಿಡ್ ತಂತುವನ್ನೇ ದಪ್ಪ ಮಾಡಿಕೊಂಡಿತು. ಕುದುರೆಯೂ ನಾವೂ ಹಿಡಿದದ್ದು ಜಾಣ ದಾರಿ. ಕೂದಲಿಗಿಂತ ಸಣ್ಣ ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತಿ, ನಡುನಡುವೆ ಗೆಣ್ಣು ಬಿಟ್ಟಿರುತ್ತದೆ. ಸಂಕೇತ ಗೆಣ್ಣಿನಿಂದ ಗೆಣ್ಣಿಗೆ ಜಿಗಿಯುತ್ತದೆ, ಸೆಕೆಂಡಿಗೆ 120 ಮೀಟರ್‌ವರೆಗೂ. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಮೀಟರಿನ ಆಸುಪಾಸು ಅಷ್ಟೇ. ಕುದುರೆಮರಿಗೆ ಈ ಸುತ್ತುವ ಕೆಲಸ ಬಹುಪಾಲು ತಾಯ ಹೊಟ್ಟೆಯಲ್ಲೇ ಮುಗಿದಿರುತ್ತದೆ. ನಮಗೆ ಹುಟ್ಟಿದ ಮೇಲೂ ವರ್ಷಗಟ್ಟಲೆ ನಡೆಯುತ್ತದೆ.

ಕುದುರೆ ಸೋಲುವುದು ಬೇರೆ ಕಡೆ. ಗಂಟಲಿನ ಎಡಭಾಗವನ್ನು ನಡೆಸುವ ನರ ತಲೆಯಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎದೆಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಕೊರಳೇರುತ್ತದೆ. ದೊಡ್ಡ ಕುದುರೆಯಲ್ಲಿ ಈ ಹಾದಿ ಎರಡು ಮೀಟರಿಗೂ ಹೆಚ್ಚು. ಇಷ್ಟುದ್ದದ ತಂತುವಿನ ತುದಿ, ಅದೂ ಎತ್ತರದ ಕುದುರೆಗಳಲ್ಲಿ, ಕೆಲವೊಮ್ಮೆ ಸವೆದುಹೋಗುತ್ತದೆ. ಮೊದಲು ಹೋಗುವುದು ಮಯಲಿನ್ ಸುತ್ತಿದ ದಪ್ಪ ತಂತುಗಳು. ಶ್ವಾಸದ ಬಾಗಿಲು ತೆರೆಯುವ ಸ್ನಾಯು ಸೊರಗಿ, ಓಡುವಾಗ ಗೊರಗೊರ ಸದ್ದು ಬರುತ್ತದೆ. ರೇಸಿನವರು ಇಂಥದ್ದನ್ನು ‘ರೋರರ್’ ಎನ್ನುತ್ತಾರೆ. ಕಾಲು ಗಟ್ಟಿಯಿದ್ದರೂ ಗಾಳಿ ಸಾಲದು. ಎಷ್ಟು ದುಬಾರಿ ತಳಿಯಾದರೇನು?

ಇದೇ ಬಳಸುದಾರಿ ನಮ್ಮ ಎದೆಯಲ್ಲೂ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಟರು ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಹಾಡಿದ್ದು ಈ ನರದ ಬಲದಿಂದಲೇ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಪೆಟ್ಟಾದರೆ, ಶ್ವಾಸಕೋಶದ ಗಡ್ಡೆ ಒತ್ತಿದರೆ ದನಿ ಒಡೆಯುತ್ತದೆ. ಹಾಗಾಗಿ ಮೂರು ವಾರ ಕಳೆದರೂ ಗಂಟಲು ಬಿಡದಿದ್ದರೆ ಕಷಾಯವನ್ನು ಬದಿಗಿಟ್ಟು ಇಎನ್‌ಟಿ ವೈದ್ಯರಿಗೆ ತೋರಿಸಿ. ಬೀಡಿ ಸೇದುವವರಾದರೆ ಅಷ್ಟು ದಿನ ಕಾಯುವುದೂ ಬೇಡ.