ಬೆಂಕಿ, ಹೊಗೆ ಮತ್ತು ಬೀಗದ ಕೈ

ಮೈಸೂರಿನ ಹಳೆಯ ಅರಮನೆ ಬಹುಮಟ್ಟಿಗೆ ಮರದಿಂದ ಕಟ್ಟಿದುದಾಗಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಬಳಿಕ 1912ರ ವೇಳೆಗೆ ಸಿದ್ಧವಾದ ಈಗಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ ಮತ್ತು ಎರಕದ ಕಬ್ಬಿಣಕ್ಕೆ ಪ್ರಾಧಾನ್ಯ ದೊರೆಯಿತು. ಸುಡದ ವಸ್ತುಗಳಿಂದ ಕಟ್ಟಿದ ಮೇಲೆ ಭಯವೇಕೆ ಎಂದು ನಾವು ಭಾವಿಸುವುದು ಸಹಜ. ಆದರೆ ಗೋಡೆ ಸುಡದಿದ್ದರೂ ಅದರೊಳಗಿನ ಜನರು ಸಾಯಬಹುದೆಂಬ ಕಠೋರ ಸತ್ಯವನ್ನು ನಮ್ಮ ನಾಡಿನ ಎರಡು ದುರಂತಗಳು ತೋರಿಸಿಕೊಟ್ಟಿವೆ.

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನನ ಕಥೆಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಗೋಡೆಗಳಿಗೆ ಗೋಣಿತಟ್ಟುಗಳನ್ನು ಹೊದಿಸಿತ್ತು, ಗಾಳಿಯಾಡಲು ಕಿಂಡಿಗಳಿರಲಿಲ್ಲ, ವಿದ್ಯುತ್ ತಂತಿಗಳ ಜೋಡಣೆ ಸಡಿಲವಾಗಿತ್ತು. 62 ಮಂದಿ ಮಡಿದರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ, ವಿದ್ಯುತ್ ತಂತಿಗಳು ಹಾಯುವ ಪೊಳ್ಳುದಾರಿಯಿಂದ ಹೊರಟ ಹೊಗೆ ಮಹಡಿಗಳನ್ನು ತುಂಬಿತು. ಅಲ್ಲಿ 9 ಮಂದಿ ತೀರಿಕೊಂಡರು; ಕೆಲವರು ಉಸಿರುಕಟ್ಟಿ, ಕೆಲವರು ಕಿಟಕಿಯಿಂದ ಹಾರಿ. ಕಟ್ಟಡವಾದರೋ ನಿಂತೇ ಇತ್ತು.

ಇದಕ್ಕೆ ಕಾರಣವೇನು? ಬೆಂಕಿಗೆ ಉರಿಯುವ ವಸ್ತು, ಶಾಖ, ಆಮ್ಲಜನಕ ಈ ಮೂರೂ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಸಾಲದೆ ಹೋದಾಗ ಇಂಗಾಲ ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೆದುಳಿಗೆ ಆಮ್ಲಜನಕ ತಲಪದೆ ಬುದ್ಧಿ ಮಂಕಾಗುತ್ತದೆ. ಬಾಗಿಲು ಹತ್ತಿರವಿದ್ದರೂ ಮನುಷ್ಯ ದಾರಿಗಾಣದೆ ಕುಸಿಯುತ್ತಾನೆ.

ಪಾಂಡವಪುರ, ಕೆ.ಆರ್.ಪೇಟೆಗಳ ಕಡೆಯ ವಾಚಕರು ಆಲೆಮನೆಯನ್ನು ಕಂಡಿರುತ್ತಾರೆ. ಬೆಲ್ಲದ ಒಲೆಯ ಬಿಸಿಹೊಗೆ ಹಗುರವಾದುದರಿಂದ ಹೊಗೆಗೂಡಿನಲ್ಲಿ ಮೇಲೇರುತ್ತದೆ. ಅದು ಏರಿದಷ್ಟೂ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಉರಿ ಬಲಿಯುತ್ತದೆ. ಕಟ್ಟಡದ ಮೆಟ್ಟಿಲ ಹಾದಿಯೂ ತಂತಿಗಳ ಪೊಳ್ಳುದಾರಿಯೂ ಬೆಂಕಿ ಬಿದ್ದಾಗ ಇಂತಹ ಹೊಗೆಗೂಡುಗಳೇ ಆಗುತ್ತವೆ. ಹೊಗೆ ಮೊದಲು ಚಾವಣಿಯಡಿ ಸೇರುವುದರಿಂದ ನೆಲದ ಬಳಿಯ ಗಾಳಿ ಸ್ವಲ್ಪ ಹೊತ್ತು ಶುದ್ಧವಾಗಿರುತ್ತದೆ. ಬಗ್ಗಿ ತೆವಳಿ ಹೊರಬರಬೇಕೆನ್ನುವುದು ಇದರಿಂದಲೇ.

ಈ ಭೌತ ನಿಯಮಗಳನ್ನು ಬಲ್ಲವರಿಗೆ ಕಾನೂನಿನ ನಿಯಮಗಳು ಒಗಟಾಗಿ ತೋರುವುದಿಲ್ಲ. 1964ರ ಅಗ್ನಿಶಾಮಕ ದಳದ ಅಧಿನಿಯಮವು, ಬೆಂಕಿಯ ಅಪಾಯವುಳ್ಳ ಕಟ್ಟಡಗಳ ಮಾಲೀಕರೂ ಅವುಗಳನ್ನು ವಹಿಸಿಕೊಂಡವರೂ ಮುನ್ನೆಚ್ಚರಿಕೆ ಕೈಗೊಳ್ಳಬೇಕೆಂದು ವಿಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಇದಕ್ಕೆ ಬೇಕಾದ ಅಳತೆಗಳನ್ನು ಹೇಳುತ್ತದೆ. ನಿರ್ಗಮನದ ಬಾಗಿಲು 1 ಮೀಟರಿಗೆ ಕಡಮೆಯಿರಬಾರದು. ಜನ ಗುಂಪುಗೂಡುವ ಸಭಾಗೃಹಗಳಲ್ಲಿ 2 ಮೀಟರ್ ಇರಬೇಕು. ಬಾಗಿಲು ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು. ಜನಸಂದಣಿಯ ಕಡೆ ಅದು ಹೊರಮುಖವಾಗಿ ತೆರೆಯಬೇಕೇಕೆ? ಹಿಂದಿನವರು ನೂಕುತ್ತಿರುವಾಗ ಮುಂದಿನವನು ಬಾಗಿಲನ್ನು ತನ್ನ ಕಡೆಗೆ ಎಳೆಯಲಾರನಷ್ಟೆ! ಬೆಂಕಿಯಾರಿಸುವ ಉಪಕರಣ 15 ಮೀಟರಿನೊಳಗೆ ಸಿಗಬೇಕೆಂಬ ನಿಯಮವೂ ಉಂಟು. ಏಕೆಂದರೆ ಉರಿ ಕಿರಿದಾಗಿರುವುದು ಮೊದಲ ಕೆಲವು ನಿಮಿಷ ಮಾತ್ರ.

ಶ್ರೀರಂಗಪಟ್ಟಣದ ವಸತಿಗೃಹ, ಪಾಂಡವಪುರದ ಕಲ್ಯಾಣಮಂಟಪ, ಕೆ.ಆರ್.ಪೇಟೆಯ ಚಿತ್ರಮಂದಿರ, ನಾಗಮಂಗಲದ ವಿದ್ಯಾರ್ಥಿನಿಲಯ, ಇವುಗಳಲ್ಲಿ ಎಲ್ಲವೂ ಗಗನಚುಂಬಿಗಳಲ್ಲ. ಎತ್ತರದ ಕಟ್ಟಡಗಳಿಗಿರುವಷ್ಟು ವಿಧಿಗಳು ಇವೆಲ್ಲಕ್ಕೂ ಅನ್ವಯಿಸಲಾರವು. ಆದರೆ ಹೊಗೆಯ ಸ್ವಭಾವ ಎಲ್ಲೆಡೆಯೂ ಒಂದೇ. ಮದುವೆಯ ದಿನ ಚಪ್ಪರ, ದೀಪಾಲಂಕಾರ, ಅಡುಗೆಮನೆಯ ಅನಿಲದ ಸಿಲಿಂಡರುಗಳು ಒಟ್ಟಿಗೆ ಸೇರುತ್ತವೆ. ಕಳ್ಳರ ಭಯದಿಂದ ಹಿಂಬಾಗಿಲಿಗೆ ಬೀಗ ಬೀಳುತ್ತದೆ. ಮೆಟ್ಟಿಲ ಕೆಳಗೆ ಹಳೆಯ ಕುರ್ಚಿಗಳು ರಾಶಿಯಾಗುತ್ತವೆ. ಕಳವಿನ ಭಯ ಸುಳ್ಳಲ್ಲ. ಆದರೆ ಹೊರಗಿನಿಂದ ತೆರೆಯದೆ, ಒಳಗಿನಿಂದ ಒತ್ತಿದೊಡನೆ ತೆರೆದುಕೊಳ್ಳುವ ಚಿಲಕಗಳಿವೆ. ಒಂದು ಅಪಾಯವನ್ನು ತಪ್ಪಿಸಲು ಇನ್ನೊಂದನ್ನು ಆಹ್ವಾನಿಸಬೇಕಾಗಿಲ್ಲ. ಅಗ್ನಿಶಾಮಕ ವಾಹನ ಎಷ್ಟೇ ಶೀಘ್ರವಾಗಿ ಬಂದರೂ ತಾಲ್ಲೂಕು ಕೇಂದ್ರದಿಂದ ಮೇಲುಕೋಟೆಗೋ ಕಿಕ್ಕೇರಿಗೋ ಬೆಳ್ಳೂರಿಗೋ ತಲಪಲು ಹೊತ್ತು ಹಿಡಿಯುತ್ತದೆ. ಆ ವೇಳೆಯಲ್ಲಿ ಜನರ ಪ್ರಾಣ ಕಟ್ಟಡವನ್ನು ನೋಡಿಕೊಳ್ಳುವವರ ಕೈಯಲ್ಲಿರುತ್ತದೆ.

ಆದುದರಿಂದ ಅನುಮತಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ಮಾತ್ರಕ್ಕೆ ಕಾನೂನಿನ ಪಾಲನೆಯಾಗಲಿಲ್ಲ. ಉಪಕರಣದ ಒತ್ತಡಸೂಚಿ ಹಸಿರು ಭಾಗದಲ್ಲಿದೆಯೆ, ದಾರಿ ತೆರವಾಗಿದೆಯೆ, ವಿದ್ಯುತ್ ಬೆಂಕಿಗೆ ನೀರೆರಚಬಾರದೆಂದು ಕೆಲಸಗಾರರಿಗೆ ತಿಳಿದಿದೆಯೆ ಎಂದು ಆಗಿಂದಾಗ್ಗೆ ನೋಡುತ್ತಿರಬೇಕು.

2004ರಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ಮಡಿದರು. ಆ ದುರಂತದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಸುರಕ್ಷಿತ ಶಾಲೆಯಲ್ಲಿ ಓದುವುದು ಶಿಕ್ಷಣದ ಹಕ್ಕಿನ ಭಾಗವೇ ಎಂದು ಸಾರಿತು. ನಮ್ಮ ವಿದ್ಯಾರ್ಥಿಗಳು ನಾಳೆ ತರಗತಿಗೆ ಹೋದಾಗ ಎರಡನೆಯ ಬಾಗಿಲು ಎಲ್ಲಿದೆಯೆಂದು ನೋಡಲಿ. ಅದಕ್ಕೆ ಬೀಗವಿದ್ದರೆ, ಬೀಗದ ಕೈ ಯಾರಲ್ಲಿದೆಯೆಂದು ವಿನಯದಿಂದ ಕೇಳಲಿ. ಹಾಗೆ ಕೇಳುವುದು ಅವರ ಹಕ್ಕು.