‘ಫ್ಯೂ’, ‘ಎ ಫ್ಯೂ’ ಮತ್ತು ನಮ್ಮ ‘ಕೆಲವು’: ಇಂಗ್ಲಿಷಿನ ಪರಿಮಾಣವಾಚಕಗಳನ್ನು ಕುರಿತು

ಗಡಿನಾಡಿನ ಕನ್ನಡ ಶಾಲೆಗಳನ್ನು ಕುರಿತ ವರದಿ, ಮನವಿ, ಪ್ರಬಂಧಗಳನ್ನು ನಾವು ಅನೇಕ ವೇಳೆ ಕನ್ನಡದಲ್ಲಿ ಆಲೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಪಾರಿಭಾಷಿಕ ಪದಗಳಿಗೆ ನಿಘಂಟಿನ ನೆರವು ದೊರೆಯುತ್ತದೆ. ‘ಕೆಲವು’, ‘ಎಲ್ಲ’, ‘ಸಾಕಷ್ಟು’ ಮುಂತಾದ ಪರಿಮಾಣವಾಚಕಗಳಿಗೆ ನಿಘಂಟಷ್ಟೇ ಸಾಲದು. ಅವು ವಾಕ್ಯದ ನಿಲುವನ್ನೇ ನಿರ್ಧರಿಸುತ್ತವೆ.

‘ಫ್ಯೂ’, ‘ಎ ಫ್ಯೂ’ ಎರಡನ್ನೂ ‘ಕೆಲವು’ ಎಂದೇ ಅನುವಾದಿಸುವ ರೂಢಿಯಿದೆ. ಎರಡೂ ಸೂಚಿಸುವ ಸಂಖ್ಯೆ ಒಂದೇ ಇರಬಹುದು, ಧೋರಣೆ ಬೇರೆ. ‘ಎ ಫ್ಯೂ ಸ್ಟೂಡೆಂಟ್ಸ್ ರೀಡ್ ಕನ್ನಡ’ ಎಂದರೆ ಕನ್ನಡ ಓದುವವರು ಕೆಲವರಿದ್ದಾರೆ ಎಂದರ್ಥ. ‘ಎ’ ಬಿಟ್ಟುಹೋದರೆ ಓದುವವರು ತೀರ ವಿರಳ ಎಂದಾಗುತ್ತದೆ. ಆಗ ತರಗತಿಯನ್ನು ಉಳಿಸಿರೆಂದು ಕೋರುವ ಮನವಿಯೇ ಅದನ್ನು ಮುಚ್ಚುವುದಕ್ಕೆ ಆಧಾರವಾಗಬಹುದು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ‘ಕೆಲವರೇ’, ‘ಕೆಲವರಾದರೂ’ ಎಂಬ ರೂಪಗಳು ಈ ಭೇದವನ್ನು ತೋರುತ್ತವೆ. ಎಣಿಸಲಾಗದ ನಾಮಪದಗಳಲ್ಲಿ ‘ಲಿಟ್ಲ್’, ‘ಎ ಲಿಟ್ಲ್’ಗಳ ನಡುವೆಯೂ ಇದೇ ಅಂತರವಿದೆ. ‘ಎವಿಡೆನ್ಸ್’ ಅಂಥ ನಾಮಪದ. ಅದರೊಡನೆ ‘ಮೆನಿ’ ಸಲ್ಲದು, ‘ಮಚ್’ ಸಲ್ಲುತ್ತದೆ.

‘ಎಲ್ಲ ಶಾಲೆಗಳಲ್ಲಿ ಕನ್ನಡ ಶಿಕ್ಷಕರಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ: ಒಂದು ಶಾಲೆಯಲ್ಲೂ ಇಲ್ಲ, ಅಥವಾ ಕೆಲವೆಡೆ ಇದ್ದಾರೆ, ಕೆಲವೆಡೆ ಇಲ್ಲ. ‘ಆಲ್ ಸ್ಕೂಲ್ಸ್ ಡು ನಾಟ್ ಹ್ಯಾವ್’ ಎಂದು ಪದಕ್ಕೆ ಪದವಿಟ್ಟರೆ ಸಂದಿಗ್ಧತೆಯೂ ಜೊತೆಗೇ ಬರುತ್ತದೆ. ಮೊದಲ ಅರ್ಥಕ್ಕೆ ‘ನೋ ಸ್ಕೂಲ್ ಹ್ಯಾಸ್’, ಎರಡನೆಯದಕ್ಕೆ ‘ನಾಟ್ ಆಲ್ ಸ್ಕೂಲ್ಸ್ ಹ್ಯಾವ್’ ಎಂಬುದು ಖಚಿತ ರೂಪ. ‘ಸಾಕಷ್ಟು’ ಕೂಡ ಹೀಗೆಯೇ. ಮೂಲತಃ ಸಾಕಾಗುವಷ್ಟು ಎಂಬ ಅರ್ಥದ ಈ ಪದ ಇಂದು ಬಹಳ ಎಂಬರ್ಥದಲ್ಲಿಯೂ ಬಳಕೆಯಲ್ಲಿದೆ. ಪುಸ್ತಕಗಳು ‘ಸಾಕಷ್ಟು’ ಬಂದಿವೆ ಎಂಬುದನ್ನು ‘ಇನಫ್’ ಎಂದು ಅನುವಾದಿಸಿದರೆ ಇನ್ನು ಬೇಡಿಕೆಯಿಲ್ಲ ಎಂದು ಒಪ್ಪಿಕೊಂಡಂತೆ.

ನಮ್ಮ ಹಕ್ಕುಗಳ ಭಾಷೆಯೂ ಪರಿಮಾಣವಾಚಕಗಳನ್ನು ಅವಲಂಬಿಸಿದೆ. ಸಂವಿಧಾನದ 29ನೆಯ ವಿಧಿಯ ಇಂಗ್ಲಿಷ್ ಪಾಠ ‘ಎನಿ’ ಎಂದು ಆರಂಭವಾಗುತ್ತದೆ: ಸ್ವಂತ ಭಾಷೆಯುಳ್ಳ ಯಾವುದೇ ನಾಗರಿಕ ವರ್ಗ, ಅದರ ಗಾತ್ರಕ್ಕೆ ಅಲ್ಲಿ ಮಿತಿಯಿಲ್ಲ. 30ನೆಯ ವಿಧಿಯಲ್ಲಿರುವುದು ‘ಆಲ್’. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350-ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸುವ ಪ್ರಯತ್ನದ ಹೊಣೆಯನ್ನು ರಾಜ್ಯಗಳಿಗೂ ಸ್ಥಳೀಯ ಪ್ರಾಧಿಕಾರಗಳಿಗೂ ‘ಎವ್ರಿ’ ಎಂಬ ಪದದಿಂದ ಹಂಚುತ್ತದೆ. ‘ಎವ್ರಿ’ಯ ಮುಂದೆ ಬರುವ ನಾಮಪದ ಏಕವಚನದಲ್ಲಿರುತ್ತದೆ. ‘ಆಲ್’ ಸಮೂಹವನ್ನು ಒಟ್ಟಾಗಿ ಹಿಡಿಯಬಲ್ಲದು. ‘ಎವ್ರಿ’ ಒಬ್ಬೊಬ್ಬರನ್ನೂ ಬಿಡಿಯಾಗಿ ಹೊಣೆಗಾರರನ್ನಾಗಿಸುತ್ತದೆ. ‘ಎಲ್ಲ ರಾಜ್ಯಗಳು’ ಎಂಬ ಅನುವಾದದಲ್ಲಿ ಈ ಬಿಗಿ ಸಡಿಲವಾಗುತ್ತದೆ. ‘ಪ್ರತಿಯೊಂದು ರಾಜ್ಯವೂ’ ಎಂಬುದು ಅದನ್ನು ಉಳಿಸಿಕೊಳ್ಳುತ್ತದೆ.

ಆದ್ದರಿಂದ ಕರಡನ್ನು ತಿದ್ದುವಾಗ ಪ್ರತಿ ಪರಿಮಾಣವಾಚಕದ ಬಳಿ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಇದರೊಳಗೆ ಯಾರೆಲ್ಲ ಸೇರಿದ್ದಾರೆ? ಯಾರು ಹೊರಗುಳಿದಿದ್ದಾರೆ? ಅಲ್ಪಸಂಖ್ಯಾತ ಭಾಷೆಯೊಂದರ ಪರವಾಗಿ ಬರೆಯುವವರಿಗೆ ಈ ಎಚ್ಚರ ಅಗತ್ಯ.